ಕುಂಕುಮ ಹಚ್ಚಿದ ಎಣ್ಣೆ ಡಬ್ಬ

ನಮ್ಮ ಮನೆಯಲ್ಲಿ ಬಿಚ್ಚಿದ ವಸ್ತು ಹೇಳಿದ ದಿನಕ್ಕೆ ಮುಚ್ಚಿಕೊಂಡದ್ದು ನನಗೆ ನೆನಪಿಲ್ಲ. ಲಕ್ಷ್ಮೀಪುರಂನ ಆ ಹೆಂಚಿನ ಮನೆಗೆ ಯಾರೇ ಬಂದರೂ ಮೊದಲು ಕಣ್ಣಿಗೆ ಬೀಳುತ್ತಿದ್ದದ್ದು ವರಾಂಡದಲ್ಲಿ ಹಳೆಯ ಪೇಪರಿನ ಮೇಲೆ ಹರಡಿಕೊಂಡ ಗೋಡೆ ಗಡಿಯಾರವೋ, ಪಂಪು ಕಿತ್ತ ಸ್ಟೋವೋ, ಇಲ್ಲವೇ ತಲೆಕೆಳಗಾಗಿ ನಿಂತ ಸೈಕಲ್ಲೋ. ಅಪ್ಪ ಸರ್ಕಾರಿ ಕಚೇರಿಯಲ್ಲಿ ಶಿರಸ್ತೇದಾರರು. ಅಲ್ಲಿ ದಿನವಿಡೀ ಕಾಗದಗಳನ್ನು ಕಟ್ಟಿ ಕಟ್ಟಿ ಬೀರುವಿಗೆ ಸೇರಿಸುತ್ತಿದ್ದರು. ಆ ಸೇಡನ್ನು ಮನೆಯಲ್ಲಿ ಕಂಡದ್ದನ್ನೆಲ್ಲ ಬಿಚ್ಚಿ ತೀರಿಸಿಕೊಳ್ಳುತ್ತಾರೆ ಅಂತ ಅಮ್ಮ ಹೇಳುತ್ತಿದ್ದಳು. ಬೇರೆಯವರ ಕೈಲಿ ರಿಪೇರಿ ಮಾಡಿಸುವುದು ಅವರಿಗೆ ಮರ್ಯಾದೆಗೆ ಕಡಿಮೆ. ಒಂದು ಸಲ ದೋಸೆ ಹಿಟ್ಟಿನಲ್ಲಿ ವಾಷರ್ ಸಿಕ್ಕಿತು. ಅಮ್ಮ ಅದನ್ನು ತೊಳೆದು ಅಪ್ಪನ ತಟ್ಟೆಯ ಪಕ್ಕ ಇಟ್ಟಳು. ಅಪ್ಪ, ಓ ಇದನ್ನೇ ಹುಡುಕ್ತಿದ್ದೆ ಅಂದು ಜೇಬಿಗೆ ಹಾಕಿಕೊಂಡು ದೋಸೆ ತಿಂದರು. ಈಗ ನೆನೆಸಿಕೊಂಡರೆ ನಗು ಬರಬೇಕು. ನನಗೆ ಸುಸ್ತೇ ಆಗುತ್ತದೆ.

ಮನೆಯಲ್ಲಿ ನಾವಿದ್ದದ್ದು ನಾಲ್ಕೇ ಜನ. ಅಪ್ಪ, ಅಮ್ಮ, ಅಪ್ಪನ ತಾಯಿ ಅಂದರೆ ನನ್ನ ಅಜ್ಜಿ, ಮತ್ತು ನಾನು. ಐದನೆಯದು ಕಾರು. ದೇಶ ಬಿಟ್ಟು ಹೋಗುವ ತರಾತುರಿಯಲ್ಲಿದ್ದ ಬಿಳಿಯನೊಬ್ಬ ಮಾರಿದ ಕಪ್ಪು ಕಾರು ಅದು, ಉದ್ದ ಮೂಗಿನದು. ಹಿತ್ತಲಿನಲ್ಲಿ ದನ ಕಟ್ಟುತ್ತಿದ್ದ ಕೊಟ್ಟಿಗೆಯೇ ಅದಕ್ಕೆ ಶೆಡ್ಡಾಯಿತು. ಅಪ್ಪನಿಗೆ ಕಾರು ಓಡಿಸುವುದಕ್ಕಿಂತ ಅದರಡಿ ಮಲಗುವುದು ಇಷ್ಟ. ಅದಕ್ಕಿಂತ ಇಷ್ಟ ಯಾರಿಗಾದರೂ ಪಾಠ ಹೇಳುವುದು. ಹೇಳಿಸಿಕೊಳ್ಳಲು ಬೇರೆ ಯಾರೂ ಸಿಗದೆ ಅಮ್ಮನಿಗೆ ಡ್ರೈವಿಂಗ್ ಕಲಿಸಿದರು. ಕಲಿಸುವಾಗ ಆಕೆ ನಿಜವಾಗಿಯೂ ಕಲಿತುಬಿಡುತ್ತಾಳೆ ಅಂತ ಅವರು ಯೋಚಿಸಿರಲಿಲ್ಲವೇನೋ. ಅಮ್ಮ ಕಲಿತಳು. ನಮ್ಮ ಬೀದಿಯಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸ್ಟಿಯರಿಂಗ್ ಹಿಡಿದ ಹೆಂಗಸು ಅವಳೊಬ್ಬಳೇ. ಮಂಗಳವಾರ ಮಂಗಳವಾರ ಬನ್ನಿಮಂಟಪದ ಕಡೆ ಹೋಗಿ ಅಲ್ಲಿನ ಹೆಂಗಸರಿಗೆ ಹೊಲಿಗೆ ಹೇಳಿಕೊಟ್ಟು ಬರುತ್ತಿದ್ದಳು. ಬರುವಾಗ ಅವಳ ಮುಖ ಬೇರೆಯೇ ಆಗಿರುತ್ತಿತ್ತು. ಕಾರು ಶೆಡ್ಡಿಗೆ ಬಿಟ್ಟ ಮೇಲೂ ಒಂದಿಷ್ಟು ಹೊತ್ತು ಇಳಿಯದೆ ಸ್ಟಿಯರಿಂಗ್ ಮೇಲೆ ಕೈಯಿಟ್ಟು ಕೂತಿರುತ್ತಿದ್ದಳು. ಇಳಿದರೆ ಅಡಿಗೆಮನೆ ಕಾದಿರುತ್ತಿತ್ತು.

ಅಜ್ಜಿ ಹಳ್ಳಿಯಿಂದ ಬಂದವಳು. ಎರಡೂ ಕಣ್ಣಿಗೆ ಪೊರೆ. ಆದರೆ ಕಿವಿ ಅಂದರೆ ಕಿವಿ. ಹಾಲು ಉಕ್ಕುವ ಮುಂಚೆಯೇ ಜಗಲಿಯಿಂದ ಕೂಗುತ್ತಿದ್ದಳು. ಮನೆಯಲ್ಲಿ ಉಳಿದೆಲ್ಲ ಅಪ್ಪನದಾದರೆ ದಸರಾ ಮಾತ್ರ ಅವಳದು. ಆಯುಧಪೂಜೆಯ ದಿನ ಮನೆಯ ಹತಾರಗಳೆಲ್ಲ ಅವಳ ವಶ. ಈಳಿಗೆಮಣೆ, ಕುಡುಗೋಲು, ಅಮ್ಮನ ಕತ್ತರಿ, ನನ್ನ ಪುಸ್ತಕ, ಅಪ್ಪನ ಸ್ಪ್ಯಾನರುಗಳು, ಕಾರಿನ ಕೀಲಿಕೈ, ಎಲ್ಲವನ್ನೂ ಹುಣಿಸೆಹಣ್ಣು ಹಾಕಿ ತಿಕ್ಕಬೇಕಾದದ್ದನ್ನು ತಿಕ್ಕಿ, ಒರೆಸಬೇಕಾದದ್ದನ್ನು ಒರೆಸಿ, ಹಲಗೆಯ ಮೇಲೆ ಜೋಡಿಸಿ ಕುಂಕುಮ ಇಡುತ್ತಿದ್ದಳು. ಒಂದು ಸಲ ಹಲಗೆ ಏರಿತೆಂದರೆ ಮುಗಿಯಿತು, ದಶಮಿಯ ಬೆಳಿಗ್ಗೆಯವರೆಗೆ ಯಾರೂ ಮುಟ್ಟುವಂತಿಲ್ಲ. ದುಡಿದವಕ್ಕೂ ಒಂದಿನ ಸುಮ್ನೆ ಕೂರೋಕೆ ಬುಡ್ರೋ ಅನ್ನುತ್ತಿದ್ದಳು. ದಶಮಿಯ ದಿನ ಮಂಗಳಾರತಿಯಾದ ಮೇಲೆ ಒಬ್ಬೊಬ್ಬರನ್ನೇ ಕರೆದು ಅವರವರ ಆಯುಧ ಅವರವರ ಕೈಗೆ ಕೊಡುತ್ತಿದ್ದಳು. ಕೊಟ್ಟದ್ದನ್ನು ಕಣ್ಣಿಗೊತ್ತಿಕೊಂಡು, ಆ ಕೆಲಸವನ್ನು ಶಾಸ್ತ್ರಕ್ಕೆ ಒಂದಿಷ್ಟು ಮಾಡಬೇಕು. ನಾನು ಒಂದು ಸಾಲು ಓದಬೇಕು, ಅಮ್ಮ ಒಂದು ಚೂರು ಬಟ್ಟೆ ಕತ್ತರಿಸಬೇಕು, ಅಪ್ಪ ಒಂದು ನಟ್ಟು ತಿರುಗಿಸಿ, ಕಾರು ಸ್ಟಾರ್ಟ್ ಮಾಡಿ ತೋರಿಸಬೇಕು. ಅಕ್ಕಪಕ್ಕದವರು ಪ್ರಸಾದಕ್ಕೆ ಬಂದು ಇದನ್ನೆಲ್ಲ ನಿಂತು ನೋಡುತ್ತಿದ್ದರು.

ಆ ವರ್ಷ ಆಯುಧಪೂಜೆಯ ಬೆಳಿಗ್ಗೆ ಅಪ್ಪ ಡಿಫರೆನ್ಷಿಯಲ್ಲಿನ ಎಣ್ಣೆ ಬದಲಾಯಿಸಲು ಹೊರಟರು. ಹಿಂದಿನ ಎರಡು ಚಕ್ರಗಳ ನಡುವೆ, ಕಾರಿನ ಹೊಟ್ಟೆಯಡಿ ಇರುವ ಗುಂಡನೆಯ ಕಬ್ಬಿಣದ ಪೆಟ್ಟಿಗೆ ಅದು. ಅಜ್ಜಿ ಅದನ್ನು ಗಡಿಗೆ ಅನ್ನುತ್ತಿದ್ದಳು. ಒಳಗೆ ದೊಡ್ಡದೊಂದು ಹಲ್ಲುಚಕ್ರ, ಅದನ್ನು ಕಚ್ಚಿಕೊಂಡು ತಿರುಗುವ ಚಿಕ್ಕದೊಂದು ಹಲ್ಲುಚಕ್ರ. ಎಂಜಿನ್ನಿನ ಬಲವನ್ನು ಹಿಂದಿನ ಚಕ್ರಗಳಿಗೆ ದಾಟಿಸುವುದು ಅವುಗಳ ಕೆಲಸ. ಎರಡೂ ಗಟ್ಟಿ ಎಣ್ಣೆಯಲ್ಲಿ ಮುಳುಗಿರಬೇಕು. ಅಪ್ಪ ಕೆಳಗಿನ ಬಿರಡೆ ಬಿಚ್ಚಿ ಹಳೆಯ ಎಣ್ಣೆಯನ್ನು ಬೋಗುಣಿಗೆ ಸೋರಲು ಬಿಟ್ಟರು. ಹೊಸ ಎಣ್ಣೆಯ ಡಬ್ಬ ಪಕ್ಕದಲ್ಲೇ ಇತ್ತು. ಅಷ್ಟರಲ್ಲಿ ಅಜ್ಜಿ, ರಾಹುಕಾಲ ಬರ್ತದೆ, ಸಾಮಾನು ಕೊಡ್ರಪ್ಪಾ ಅಂತ ರಾಗ ತೆಗೆದಳು. ಸೋರುವ ಎಣ್ಣೆ ಸೋರುತ್ತಿರಲಿ ಅಂತ ಅಪ್ಪ ಸ್ನಾನಕ್ಕೆ ಹೋದರು. ಸ್ಪ್ಯಾನರುಗಳು ಹಲಗೆ ಏರಿದವು. ಕಾರಿಗೆ ಸೇರಿದ್ದು ಅಂತ ಎಣ್ಣೆ ಡಬ್ಬವೂ ಏರಿತು, ಅದರ ನೆತ್ತಿಗೂ ಕುಂಕುಮ, ಸೇವಂತಿಗೆ. ಮಾರನೆಯ ದಿನ ಅಜ್ಜಿ ಸ್ಪ್ಯಾನರ್ ಕೈಗೆ ಕೊಟ್ಟಾಗ ಅಪ್ಪ ಕಾರಿನಡಿ ತೂರಿ, ಬಿಚ್ಚಿದ್ದ ಆ ಬಿರಡೆಯನ್ನೇ ಶಾಸ್ತ್ರಕ್ಕೆ ಬಿಗಿದರು. ನೋಡಿದವರು ಕೈ ಮುಗಿದರು. ಅಪ್ಪನ ಮನಸ್ಸಿನಲ್ಲಿ ಕೆಲಸ ಅಲ್ಲಿಗೆ ಮುಗಿದುಹೋಯಿತು. ಪೂಜೆ ಮಾಡಿದ್ದನ್ನು ಕಂಡಕಂಡಲ್ಲಿ ಬಿಡಬಾರದು ಅಂತ ಅಜ್ಜಿ ಡಬ್ಬವನ್ನು ಎತ್ತಿ ಉಗ್ರಾಣದ ಮೇಲಿನ ಅಟ್ಟಣಿಗೆಯಲ್ಲಿ ಹುಣಿಸೆಹಣ್ಣಿನ ಜಾಡಿಯ ಹಿಂದಿಟ್ಟಳು. ಎಣ್ಣೆ ಹುಯ್ಯಲೇ ಇಲ್ಲ ಅನ್ನುವುದು ಯಾರಿಗೂ ಹೊಳೆಯಲಿಲ್ಲ. ಆ ಸಂಜೆ ನಾವು ಅದೇ ಕಾರಿನಲ್ಲಿ ಬನ್ನಿಮಂಟಪಕ್ಕೆ ಹೋಗಿ ಪಂಜಿನ ಕವಾಯತು ನೋಡಿ ಬಂದೆವು. ಹಲ್ಲಿಗೆ ಅಂಟಿದ ಹಳೆಯ ಜಿಡ್ಡಿನಲ್ಲೇ ಅದು ಪಾಪ ಹೋಗಿ ಬಂತು.

ಮುಂದಿನ ವಾರ ಅಜ್ಜಿಗೆ ನಂಜನಗೂಡಿನ ಹರಕೆ. ಅಪ್ಪನಿಗೆ ಕಚೇರಿ. ಅಮ್ಮ ಓಡಿಸಿದಳು. ಹೋಗುವಾಗ ಏನೂ ಇರಲಿಲ್ಲ. ಬರುವಾಗ ಊರು ಇನ್ನೂ ದೂರ ಇರುವಂತೆಯೇ ಹಿಂದಿನಿಂದ ಸಣ್ಣಗೆ ಒಂದು ಊಳು ಶುರುವಾಯಿತು, ಬರಬರುತ್ತಾ ದೊಡ್ಡದಾಯಿತು, ಕರಕಲು ವಾಸನೆಯೂ ಸೇರಿತು. ಅಮ್ಮ ಎತ್ತಿನ ಗಾಡಿಯ ಹಾಗೆ ನಿಧಾನಕ್ಕೆ ಮನೆ ಮುಟ್ಟಿಸಿದಳು. ಅವಳ ಕುಪ್ಪಸವೆಲ್ಲ ಬೆವರಿನಲ್ಲಿ ತೊಯ್ದಿತ್ತು. ಅಪ್ಪ ಬಂದು, ಬೀದಿಯಲ್ಲಿ ಒಂದು ಸುತ್ತು ಹೊಡೆದು, ಇಳಿದವರೇ ತೀರ್ಪು ಕೊಟ್ಟರು.

"ಕ್ಲಚ್ ಬಿಡೋಕೆ ಬರಲ್ಲ ನಿನಗೆ. ಜಗ್ಗಿ ಜಗ್ಗಿ ಹಲ್ಲು ಕೆಡಿಸಿಬುಟ್ಟಿದೀಯ."

"ಎಣ್ಣೆ ಇದೆಯಾ ನೋಡಿದ್ರಾ?"

"ಮೊನ್ನೆ ನಾನೇ ಬದಲಾಯಿಸಿದೀನಲ್ಲ. ಅದನ್ನೇನು ನೋಡೋದು?"

ಕೀಲಿಕೈ ಅಪ್ಪನ ಕೋಟಿನ ಜೇಬು ಸೇರಿತು. ಹೊಲಿಗೆ ಕ್ಲಾಸಿಗೆ ಜಟಕಾದಲ್ಲಿ ಒಬ್ಬಳೇ ಹೋಗುವುದು ಬೇಡ ಅಂದರು ಅಪ್ಪ, ಕ್ಲಾಸು ನಿಂತಿತು. ಅಷ್ಟಾದರೂ ಅಮ್ಮ ತಡೆದುಕೊಳ್ಳುತ್ತಿದ್ದಳೋ ಏನೋ, ಆದರೆ ಅಪ್ಪ ಇದನ್ನು ಸಿಕ್ಕವರಿಗೆಲ್ಲ ಹೇಳಿದರು. ಎದುರುಮನೆಯವರಿಗೆ ಹೇಳಿದರು, ಕಚೇರಿಯವರಿಗೆ ಹೇಳಿದರು, ಹಬ್ಬದೂಟಕ್ಕೆ ಬಂದ ನನ್ನ ಸೋದರಮಾವನಿಗೆ, ಅಮ್ಮನೇ ಬಡಿಸುತ್ತಿರುವಾಗ, ನಗುತ್ತಾ ಹೇಳಿದರು. ನಿಮ್ಮ ತಂಗಿ ಕೈಗೆ ಕಾರು ಕೊಟ್ಟಿದ್ದೇ ತಪ್ಪಾಯಿತು ಅಂದರು. ಮಾವನೂ ನಕ್ಕ. ಅಮ್ಮ ಸಾರಿನ ಪಾತ್ರೆ ಹಿಡಿದು ಮುಂದಿನ ಎಲೆಗೆ ಹೋದಳು. ನನಗೆ ಅವತ್ತು ಅಪ್ಪ, ಮಾವ ಇಬ್ಬರ ಮೇಲೂ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ.

ಆಮೇಲೆ ಶುರುವಾಯಿತು ಅಪ್ಪನ ರಿಪೇರಿ. ಭಾನುವಾರ ಬಂತೆಂದರೆ ಕಾರು ಇಟ್ಟಿಗೆಗಳ ಮೇಲೆ ಏರುತ್ತಿತ್ತು. ಮೊದಲು ಹಿಂದಿನ ಚಕ್ರಗಳ ಬೇರಿಂಗ್ ತೆಗೆದರು, ಸೀಮೆಎಣ್ಣೆಯಲ್ಲಿ ತೊಳೆದರು, ಗ್ರೀಸು ತುಂಬಿ ಕೂರಿಸಿದರು. ಊಳು ಹಾಗೇ ಇತ್ತು. ಟಯರುಗಳನ್ನು ಹಿಂದಿನದು ಮುಂದಕ್ಕೆ, ಮುಂದಿನದು ಹಿಂದಕ್ಕೆ ಹಾಕಿದರು. ಊಳು ಹಾಗೇ ಇತ್ತು. ಎಂಜಿನ್ನಿನಿಂದ ಹಿಂದಕ್ಕೆ ಬರುವ ಉದ್ದ ದಂಡವನ್ನು ಬಿಚ್ಚಿ ಕೂಡಿಸಿದರು, ಅದಕ್ಕೊಂದು ಹೊಸ ಟಕಟಕ ಸೇರಿತು. ಎಲ್ಲ ಬಿಚ್ಚಿದರು, ಗಡಿಗೆಯೊಂದನ್ನು ಬಿಟ್ಟು. ತಾವೇ ಸರಿಮಾಡಿದ್ದನ್ನು ಮತ್ತೆ ಯಾಕೆ ಬಿಚ್ಚಬೇಕು! ಮಧ್ಯಾಹ್ನದ ಅನ್ನ ಆರಿ, ಮತ್ತೆ ಬಿಸಿಯಾಗಿ, ಮತ್ತೆ ಆರುತ್ತಿತ್ತು. ಅಪ್ಪ ಕರಿ ಕೈಯಲ್ಲಿ ಬಾಗಿಲು ಹಿಡಿದು ಬಂದು ಕೂರುತ್ತಿದ್ದರು, ಬಾಗಿಲ ಮೇಲಿನ ಗುರುತನ್ನು ಅಮ್ಮ ಸೋಮವಾರ ಒರೆಸುತ್ತಿದ್ದಳು. ಇಬ್ಬರ ನಡುವೆ ಅನ್ನ, ಉಪ್ಪು, ನೀರು ಅನ್ನುವ ಮಾತು ಬಿಟ್ಟರೆ ಬೇರೆ ಮಾತಿರಲಿಲ್ಲ. ಜಗಳವಾಡಿದ್ದರೆ ಮನೆ ಹಗುರಾಗುತ್ತಿತ್ತು.

ಅಮ್ಮ ಸುಮ್ಮನೆ ಕೂತಿರಲಿಲ್ಲ ಅಂತ ನನಗೆ ಗೊತ್ತಿತ್ತು. ಅಪ್ಪ ಕಚೇರಿಗೆ ಹೋದ ಮೇಲೆ ಕಾರಿನ ಜೊತೆ ಬಂದಿದ್ದ ಇಂಗ್ಲಿಷ್ ಪುಸ್ತಕ ತೆಗೆದು, ನಿಘಂಟು ಪಕ್ಕದಲ್ಲಿಟ್ಟುಕೊಂಡು, ಮಧ್ಯಾಹ್ನವೆಲ್ಲ ಓದುತ್ತಿದ್ದಳು. ಒಂದು ಭಾನುವಾರ ಅಪ್ಪ ಸೋತು ಮೆಟ್ಟಿಲ ಮೇಲೆ ಕೂತಿದ್ದಾಗ, ಅತ್ತೆಯವರನ್ನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗೋಣ, ಅವರು ಕೇಳಿ ಹೇಳಲಿ ಅಂದಳು. ಅಪ್ಪನಿಗೆ ಇಲ್ಲ ಅನ್ನುವಷ್ಟು ತ್ರಾಣವೂ ಉಳಿದಿರಲಿಲ್ಲ. ಅಪ್ಪ ಓಡಿಸಿದರು, ಅಮ್ಮ ಪಕ್ಕದಲ್ಲಿ ಕೂತು ಹೇಳುತ್ತಾ ಹೋದಳು: ಈಗ ಆಕ್ಸಿಲರೇಟರ್ ತುಳೀರಿ, ಈಗ ಬಿಡಿ, ಈಗ ಎಡಕ್ಕೆ ಪೂರ್ತಿ ತಿರುಗಿಸಿ, ಈಗ ಬಲಕ್ಕೆ. ಹಿಂದೆ ನನ್ನ ಪಕ್ಕ ಅಜ್ಜಿ ಕಣ್ಣು ಮುಚ್ಚಿ, ದೇವರ ಮುಂದೆ ಕೂತ ಹಾಗೆ ಕೂತಿದ್ದಳು. ಮನೆಯ ಮುಂದೆ ನಿಲ್ಲಿಸಿದ ಮೇಲೆ ಬಾಯಿ ಬಿಟ್ಟಳು.

"ತುಳುದ್ರೆ ಊಳಿಡ್ತದೆ, ಬುಟ್ರೆ ಸುಮ್ಕಾಯ್ತದೆ. ಎತ್ತ ತಿರುಗ್ಸಿದ್ರೂ ಅಂಗೇ ಐತೆ. ಚಕ್ರದಾಗಲ್ಲ ಕಣೋ ಅದು. ನಾ ಕುಂತಿರೋ ಜಾಗದ ಕೆಳ್ಗೇ ಐತೆ."

ಬೇರಿಂಗ್ ಆಗಿದ್ದರೆ ತಿರುವಿನಲ್ಲಿ ಸದ್ದು ಬದಲಾಗಬೇಕಿತ್ತು, ಭಾರ ಬಿದ್ದಾಗ ಮಾತ್ರ ಕೂಗುವುದಾದರೆ ಅದು ಗಡಿಗೆಯೊಳಗಿನ ಹಲ್ಲುಗಳೇ ಅಂತ ಅಮ್ಮ ಹೇಳಿದಳು. ಅಪ್ಪ, ಅದನ್ನೇ ನಾನೂ ಹೇಳಿದ್ದು, ಹಲ್ಲು ಕೆಡಿಸಿದೀಯ ಅಂತ, ಅಂದರು. ಅಮ್ಮ ಒಳಗೆ ಹೋದಳು. ಹೋದವಳು, ಅಡಿಗೆಮನೆಯ ಹುಣಿಸೆಹಣ್ಣು ಮುಗಿದಿತ್ತು ಅಂತ, ಉಗ್ರಾಣದ ಅಟ್ಟಣಿಗೆಯಿಂದ ದೊಡ್ಡ ಜಾಡಿ ಎಳೆದಿದ್ದಾಳೆ. ಹಿಂದೆ ಡಬ್ಬ. ನೆತ್ತಿಯ ಮೇಲೆ ಒಣಗಿದ ಕುಂಕುಮ, ಒಣಗಿದ ಸೇವಂತಿಗೆ. ಎತ್ತಿದರೆ ಭಾರ, ಮುಚ್ಚಳದ ಸೀಲು ಒಡೆದಿಲ್ಲ. ನಾನು ಬಾಗಿಲಲ್ಲೇ ಇದ್ದೆ. ಅಮ್ಮ ಅದನ್ನು ಮಗುವನ್ನು ಎತ್ತಿಕೊಂಡಂತೆ ಎದೆಗವಚಿಕೊಂಡು ಸುಮಾರು ಹೊತ್ತು ನಿಂತಳು. ಖುಷಿಪಡುತ್ತಾಳೆ ಅಂದುಕೊಂಡೆ. ಅವಳ ಕಣ್ಣಲ್ಲಿ ನೀರು ಬಂತು.

ಊಟಕ್ಕೆ ಕೂತಾಗ ಡಬ್ಬವನ್ನು ತಂದು, ಅವತ್ತು ವಾಷರ್ ಇಟ್ಟಂತೆಯೇ, ಅಪ್ಪನ ತಟ್ಟೆಯ ಪಕ್ಕ ಇಟ್ಟಳು. ಅಪ್ಪ ಡಬ್ಬ ನೋಡಿದರು. ಕುಂಕುಮ ನೋಡಿದರು. ಅಜ್ಜಿ, ಏನ್ರೋ ಅದು ಸದ್ದು, ಏನಿಟ್ರಿ ಅಂದಳು. ಕೈ ಚಾಚಿ ಡಬ್ಬ ತಡವಿದಳು, ಒಣಗಿದ ಸೇವಂತಿಗೆ ಬೆರಳಿಗೆ ಸಿಕ್ಕಿತು. ಅಪ್ಪನ ಕಿವಿ ಕೆಂಪಾದದ್ದು ನನಗೆ ಕಾಣಿಸಿತು. ತುತ್ತು ಕಲೆಸುತ್ತಲೇ ಇದ್ದರು. ಅಮ್ಮ ಸೌಟು ಹಿಡಿದು ಕಾಯುತ್ತಿದ್ದಳು. ಕೊನೆಗೆ ಅಪ್ಪ ಬಾಯಿ ಬಿಟ್ಟರು.

"ಮಜ್ಜಿಗೆ ಹಾಕು."

ಅಮ್ಮ ಮಜ್ಜಿಗೆ ಹಾಕಿದಳು.

ಊಟ ಮುಗಿಸಿ ಅಪ್ಪ ನೇರವಾಗಿ ಶೆಡ್ಡಿಗೆ ಹೋಗಿ ಗಡಿಗೆ ಬಿಚ್ಚಿದರು. ಎಣ್ಣೆ ಒಂದು ಹನಿ ಇರಲಿಲ್ಲ. ತಳದಲ್ಲಿ ಬೆಳ್ಳಿಯ ಪುಡಿಯಂತೆ ಸವೆದ ಕಬ್ಬಿಣ, ಹಲ್ಲುಗಳೆಲ್ಲ ಸುಟ್ಟು ನೀಲಿಯಾಗಿ ಅಂಚು ತಿಂದುಹೋಗಿದ್ದವು. ಹೊಸ ಜೋಡಿ ಬೆಂಗಳೂರಿನಿಂದ ಬರಬೇಕಾಯಿತು. ಒಂದು ಸವೆದರೂ ಎರಡನ್ನೂ ಒಟ್ಟಿಗೇ ಬದಲಾಯಿಸಬೇಕಂತೆ, ಹಳೆಯದರ ಜೊತೆ ಹೊಸದು ಕೂಡುವುದಿಲ್ಲವಂತೆ. ಕೂರಿಸುವುದು ಇನ್ನೂ ಕಷ್ಟ. ಹಲ್ಲಿಗೆ ಕೆಂಪು ಬಣ್ಣ ಹಚ್ಚಿ ತಿರುಗಿಸಿ, ಒಂದು ಇನ್ನೊಂದನ್ನು ಎಲ್ಲಿ ಮುಟ್ಟುತ್ತದೆ ಅಂತ ಗುರುತು ನೋಡಬೇಕು ಅಂತ ಪುಸ್ತಕದಲ್ಲಿತ್ತು. ಅಪ್ಪ ಅಂಥ ಬಣ್ಣ ಎಲ್ಲಿ ಸಿಗುತ್ತದೆ ಅಂತ ಯೋಚಿಸುತ್ತಿದ್ದಾಗ ಅಮ್ಮ ದೇವರ ಮನೆಯ ಕುಂಕುಮವನ್ನು ಹರಳೆಣ್ಣೆಯಲ್ಲಿ ಕಲೆಸಿ ತಂದು ಕೊಟ್ಟಳು. ಅಪ್ಪ ಹಚ್ಚುವುದು, ಅಮ್ಮ ಚಕ್ರ ತಿರುಗಿಸುವುದು, ಇಬ್ಬರೂ ಬಗ್ಗಿ ನೋಡುವುದು. ಗುರುತು ಹಲ್ಲಿನ ಅಂಚಿಗೆ ಬಿದ್ದರೆ ತೆಳು ತಗಡಿನ ಬಿಲ್ಲೆ ಸೇರಿಸಿಯೋ ತೆಗೆದೋ ಮತ್ತೆ ಮೊದಲಿನಿಂದ. ವಾರಗಟ್ಟಲೆ ನಡೆಯಿತು ಇದು. ತಿರುಗಿಸು, ನಿಲ್ಲಿಸು, ಇನ್ನೊಂಚೂರು, ಇಷ್ಟೇ ಮಾತು. ಗುರುತು ಹಲ್ಲಿನ ನಟ್ಟನಡುವೆ ಬಿದ್ದ ದಿನ ಅಪ್ಪ ತಲೆಯೆತ್ತಿ ಅಮ್ಮನನ್ನು ನೋಡಿದರು. ತಪ್ಪಾಯಿತು ಅಂತ ಈಗ ಹೇಳುತ್ತಾರೆ ಅಂದುಕೊಂಡೆ. ಅಪ್ಪ, ಬಟ್ಟೆ ಕೊಡು ಕೈ ಒರೆಸಬೇಕು ಅಂದರು. ಅದೇ ಕುಂಕುಮದ ಡಬ್ಬದಿಂದ ಎಣ್ಣೆ ಹುಯ್ದು, ಮೇಲಿನ ಬಿರಡೆಯ ತೂತಿನಿಂದ ಹೊರಕ್ಕೆ ಸೋರುವವರೆಗೆ ತುಂಬಿಸಿದರು.

ಕಾರು ಬೆಣ್ಣೆಯ ಹಾಗೆ ಓಡಿತು. ಅಪ್ಪ ಕೀಲಿಕೈಯನ್ನು ಅಡಿಗೆಮನೆಯ ಬಾಗಿಲ ಮೊಳೆಗೆ ನೇತುಹಾಕಿ, ಇನ್ನು ಕ್ಲಾಸಿಗೆ ಹೋಗಬಹುದಲ್ಲ ಅಂತ ಗೋಡೆಗೆ ಹೇಳಿದಂತೆ ಹೇಳಿದರು. ಅಮ್ಮ ಒಲೆಯ ಕಡೆ ತಿರುಗಿಯೇ ಇದ್ದಳು.

"ನಾನು ಕೆಡಿಸಿದೆ ಅಂತ ಯಾರ್ ಯಾರಿಗೆ ಹೇಳಿದ್ರೋ, ಅವರಿಗೆಲ್ಲ ಇದನ್ನೂ ಹೇಳಿ. ಆಮೇಲೆ ಮುಟ್ತೀನಿ."

ಅಪ್ಪ ಹೇಳಲಿಲ್ಲ. ಕೆಟ್ಟವರಲ್ಲ ಅವರು. ನನಗೆ ಜ್ವರ ಬಂದರೆ ರಾತ್ರಿಯೆಲ್ಲ ಕೂರುತ್ತಿದ್ದರು, ಅಮ್ಮನಿಗೆ ಮಲ್ಲಿಗೆ ತರದ ಶುಕ್ರವಾರವಿಲ್ಲ. ಆದರೆ ಆ ಒಂದು ಮಾತು ಅವರ ಗಂಟಲಿನಿಂದ ಮೇಲೆ ಬರಲಿಲ್ಲ. ಕೀಲಿಕೈ ಮೊಳೆಯಲ್ಲೇ ಉಳಿಯಿತು, ಅಪ್ಪ ಕಾರು ತೆಗೆಯುವಾಗ ಎತ್ತಿಕೊಂಡು ಹೋಗಿ ಮತ್ತೆ ಅಲ್ಲಿಗೇ ಹಾಕುತ್ತಿದ್ದರು. ಅಮ್ಮ ಅದರ ಕೆಳಗೇ ದಿನಕ್ಕೆಷ್ಟೋ ಸಲ ಓಡಾಡಿದಳು, ತಲೆಯೆತ್ತಿ ನೋಡಲಿಲ್ಲ. ಮಂಗಳವಾರಗಳು ಬಂದು ಹೋದವು. ಹೊಲಿಗೆಯ ಹೆಂಗಸರು ಬೇರೆ ಯಾರನ್ನೋ ನೋಡಿಕೊಂಡರು ಅಂತ ಸುದ್ದಿ ಬಂತು. ಅಮ್ಮ, ಒಳ್ಳೇದಾಯ್ತು ಬಿಡು ಅಂದು ಅಕ್ಕಿ ಆರಿಸುವುದನ್ನು ಮುಂದುವರಿಸಿದಳು. ನಾನೂ ಆಮೇಲೆ ಸಂಸಾರ ಮಾಡಿದೆ, ಜಗಳ ಮಾಡಿದೆ. ಎದುರಿಗಿರುವವರ ಬಾಯಿಂದ ತಪ್ಪಾಯಿತು ಅನ್ನಿಸಲೇಬೇಕು ಅಂತ ಹಟ ಹಿಡಿದು ಕೂತಿದ್ದೇನೆ, ಕೂತು ಕೂತು ದಣಿದಿದ್ದೇನೆ. ಆ ಅಡಿಗೆಮನೆಯ ಬಾಗಿಲಲ್ಲೇ ಕಲಿತದ್ದು ಅದು.

ಮತ್ತೆ ದಸರಾ ಬಂತು. ಆ ಸಲ ಆಯುಧಪೂಜೆಯ ಹಿಂದಿನ ದಿನವೇ ಅಪ್ಪ ಎಣ್ಣೆ ತುಂಬಿ ಮುಗಿಸಿದ್ದರು, ಯಾರೂ ಕೇಳದೆಯೇ ಎರಡೆರಡು ಸಲ ಹೇಳಿದರು. ದಶಮಿಯ ಬೆಳಿಗ್ಗೆ ಎದುರುಮನೆಯವರು, ಪಕ್ಕದವರು, ಸೋದರಮಾವ ಎಲ್ಲರೂ ನಡುಮನೆಯಲ್ಲಿ ನಿಂತಿದ್ದರು. ಅಜ್ಜಿ ಹಲಗೆಯ ಮುಂದೆ ಕೂತು ಕೈಯಲ್ಲೇ ತಡವಿ ಒಂದೊಂದನ್ನೇ ಎತ್ತಿ ಕೊಟ್ಟಳು. ನನಗೆ ಪುಸ್ತಕ. ಅಮ್ಮನಿಗೆ ಕತ್ತರಿ. ಅಪ್ಪನಿಗೆ ಸ್ಪ್ಯಾನರ್. ಕೊನೆಗೆ ಉಳಿದದ್ದು ಕೀಲಿಕೈ. ಪ್ರತಿ ವರ್ಷದ ಹಾಗೆ ಅಪ್ಪ ಕೈ ಚಾಚಿದರು.

"ನಿಂಗಾಯ್ತಲ್ಲೋ, ಸರ್ಕೋ. ಕಮ್ಲಾ, ಬಾರವ್ವ ಇಲ್ಲಿ."

ಅಮ್ಮ ಬಂದು ಕೂತಳು. ಅಜ್ಜಿ ಕೀಲಿಕೈಯನ್ನು ಕೊಡದೆ ಮುಷ್ಟಿಯಲ್ಲೇ ಹಿಡಿದುಕೊಂಡು, ಜನ ನಿಂತಿದ್ದ ಕಡೆಗೆ ಮುಖ ತಿರುಗಿಸಿದಳು.

"ಓದ್ ವರ್ಸ ಕಾರು ಕೆಟ್ಟಿದ್ದು ಇವಳ ಕೈಲಲ್ಲ. ಎಣ್ಣೆ ಉಯ್ಯೋದ ಮರ್ತೋನು ನನ್ ಮಗ. ಡಬ್ಬ ಎತ್ತಿಟ್ಟೋಳು ನಾನು. ಎಲ್ರೂ ಕೇಳುಸ್ಕಂಡ್ರಾ?"

ಮಾವ ನೆಲ ನೋಡಿದ. ಅಪ್ಪ ಸ್ಪ್ಯಾನರನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. ಅಮ್ಮ ಕೀಲಿಕೈ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು, ಒತ್ತಿದ ಕೈಯನ್ನು ಬೇಗ ತೆಗೆಯಲಿಲ್ಲ. ಆಮೇಲೆ ಅಜ್ಜಿಗೆ ಮಾತ್ರ ಕೇಳುವ ಹಾಗೆ ಹೇಳಿದಳು. ಪಕ್ಕದಲ್ಲಿದ್ದ ನನಗೂ ಕೇಳಿಸಿತು.

"ಇದನ್ನ ಅವರ ಬಾಯಲ್ಲಿ ಕೇಳ್ಬೇಕಿತ್ತು ಅತ್ತೆ."

"ನಂಗೂ ಅವನಪ್ಪನ ಬಾಯಲ್ಲಿ ಕೇಳ್ಬೇಕು ಅಂತ ಬಾಳ ಇತ್ತು ಕಣವ್ವ. ಆ ಮಾರಾಯ ಏಳ್ದೇನೇ ಒಂಟೋದ. ನೀ ಓಡ್ಸು."

ಅಮ್ಮ ಎದ್ದು ಶೆಡ್ಡಿಗೆ ಹೋದಳು. ಹತ್ತುವ ಮುಂಚೆ ಅಪ್ಪನ ಕೈಯಿಂದ ಸ್ಪ್ಯಾನರ್ ಇಸಿದುಕೊಂಡು, ರೇಷ್ಮೆ ಸೀರೆಯಲ್ಲೇ ಕಾರಿನ ಹಿಂದೆ ಕುಕ್ಕರುಗಾಲಲ್ಲಿ ಕೂತು, ಗಡಿಗೆಯ ಮೇಲಿನ ಬಿರಡೆ ಬಿಚ್ಚಿ ಬೆರಳು ಹಾಕಿದಳು. ಬೆರಳ ತುದಿ ಎಣ್ಣೆಯಾಗಿ ಬಂತು. ಬಿರಡೆ ಬಿಗಿದು, ಬೆರಳನ್ನು ಚಿಂದಿಗೆ ಒರೆಸಿ, ಸ್ಟಿಯರಿಂಗ್ ಹಿಂದೆ ಕೂತಳು. ಅಜ್ಜಿ ಮುಂದೆ ಅವಳ ಪಕ್ಕ ಕೂತಳು. ಅಪ್ಪ ಸ್ವಲ್ಪ ಹೊತ್ತು ಅಂಗಳದಲ್ಲೇ ನಿಂತಿದ್ದರು. ಆಮೇಲೆ ಬಂದು, ಹಿಂದಿನ ಬಾಗಿಲು ತೆಗೆದು, ನನ್ನನ್ನು ಆ ಕಡೆಗೆ ಸರಿಯಲು ಹೇಳಿ ನನ್ನ ಪಕ್ಕ ಕೂತರು. ಅಮ್ಮ ಕನ್ನಡಿಯಲ್ಲಿ ಒಂದು ಸಲ ಅವರನ್ನು ನೋಡಿ ಕ್ಲಚ್ ಬಿಟ್ಟಳು. ಕಾರು ಜಗ್ಗಲಿಲ್ಲ. ಬನ್ನಿಮಂಟಪ ಮುಟ್ಟುವವರೆಗೂ ಒಂದು ಸಲವೂ ಜಗ್ಗಲಿಲ್ಲ.